ಬೋಡಿ ಏಲಕ್ಕಿಯಲ್ಲಿ ವಿಷದ ಲೆಕ್ಕ

ಬೋಡಿನಾಯಕನೂರಿನ ಹರಾಜಿನಲ್ಲಿ ಏಲಕ್ಕಿಗೆ ಬೆಲೆ ಕಟ್ಟುವುದು ಕಣ್ಣು ಮತ್ತು ಕೈ. ಬಣ್ಣ ಎಷ್ಟು ಹಸಿರು, ಕಾಯಿ 8 ಮಿಲಿಮೀಟರ್ ದಾಟಿದೆಯೇ, ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ, ಇಷ್ಟು ನೋಡಿದರೆ ವ್ಯಾಪಾರಿಗೆ ಸಾಕು. ಈಗ ಕೂಗು ನಿಂತು ಕಂಪ್ಯೂಟರ್ ಬಂದಿದೆ, ಆದರೆ ನೋಡುವ ರೀತಿ ಬದಲಾಗಿಲ್ಲ. ತೇನಿ ಜಿಲ್ಲೆಯ ಈ ಊರಿಗೆ ಏಲಕ್ಕಿ ಬೆಳೆದದ್ದಕ್ಕಿಂತ ಮಾರಿದ್ದರಿಂದ ಬಂದ ಹೆಸರೇ ದೊಡ್ಡದು. ಮಾಲಿನ ಬಹುಪಾಲು ಇಳಿಯುವುದು ಬೋಡಿಮೆಟ್ಟು ಘಾಟಿಯ ಆಚೆಯ ಇಡುಕ್ಕಿ ಬೆಟ್ಟಗಳಿಂದ.

ಕಣ್ಣಿನಿಂದ ಬೆಲೆ ಕಟ್ಟುವ ಈ ಪದ್ಧತಿಗೆ ಒಂದು ಅಡ್ಡ ಪರಿಣಾಮವಿದೆ. ಥ್ರಿಪ್ಸ್ ಎಂಬ ನುಸಿ ಎಳೆಗಾಯಿಯ ಸಿಪ್ಪೆ ಕೆರೆದು ರಸ ಹೀರುತ್ತದೆ. ಕಾಯಿ ಬಲಿತಾಗ ಆ ಜಾಗದಲ್ಲಿ ಕಂದು ಹುರುಕು ನಿಲ್ಲುತ್ತದೆ. ರುಚಿ ಕೆಟ್ಟಿರಲಿ ಬಿಡಲಿ, ಚಂದ ಕೆಟ್ಟಿತೆಂದು ದರ ಬೀಳುತ್ತದೆ. ಜೊತೆಗೆ ಕಾಂಡ ಮತ್ತು ಕಾಯಿ ಕೊರೆಯುವ ಹುಳದ ಕಾಟ ಬೇರೆ. ಹಾಗಾಗಿ ಬೆಳೆಗಾರ ಕ್ವಿನಾಲ್‌ಫಾಸ್‌ನಂಥ ಔಷಧವನ್ನು ಮತ್ತೆ ಮತ್ತೆ ಹೊಡೆಯುತ್ತಾನೆ. ಒಣಗಿಸುವಾಗ ಸುಮಾರು 5 ಕಿಲೋ ಹಸಿ ಕಾಯಿ 1 ಕಿಲೋಗೆ ಇಳಿಯುತ್ತದೆ. ನೀರು ಹೋಗುತ್ತದೆ, ಔಷಧದ ಉಳಿಕೆಯಲ್ಲಿ ಸಾಕಷ್ಟು ಪಾಲು ಅಲ್ಲೇ ಕೂರುತ್ತದೆ. ಕಣ್ಣಿಗೆ ಹಬ್ಬವಾಗಲೆಂದು ಹೊಡೆದದ್ದು ಕಣ್ಣಿಗೇ ಕಾಣದಂತೆ ಒಳಗೆ ಉಳಿಯುತ್ತದೆ.

ಅದನ್ನು ಕಾಣುವ ಕಸುಬೊಂದಿದೆ. ಕೊಚ್ಚಿ, ತೂತ್ತುಕುಡಿಗಳಲ್ಲಿ ಸಂಬಾರ ಮಂಡಳಿಯ ಗುಣಮಟ್ಟ ಪ್ರಯೋಗಾಲಯಗಳಿವೆ, ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟನಾಶಕ ಉಳಿಕೆಯ ಪ್ರಯೋಗಾಲಯವಿದೆ. ತೇನಿಯೆಂದರೆ ವಿಜ್ಞಾನದ ಪುಟಗಳಲ್ಲಿ ಪೊಟ್ಟಿಪುರದ ಬೆಟ್ಟದಡಿ ನ್ಯೂಟ್ರಿನೋ ಪ್ರಯೋಗಾಲಯ ಕಟ್ಟುವ ಜಗಳವೇ ಮೊದಲು ನೆನಪಾಗುತ್ತದೆ. ಇಲ್ಲಿನ ಕಂಬಂ ಕಣಿವೆಯ ಜನರ ಹೊಟ್ಟೆಪಾಡಿಗೆ ಹತ್ತಿರವಾದ ಭೌತವಿಜ್ಞಾನ ಮಾತ್ರ ಅಣುಗಳನ್ನು ತೂಗಿ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನದು.

ಆ ಯಂತ್ರದ ಮಾತು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಶಬರಿಮಲೆಯ ಅರವಣ ಪಾಯಸ ಸಾಕ್ಷಿ. ಕಂಬಂ ದಾಟಿ ಕುಮಿಳಿ ಹತ್ತುವ ಮಾಲಾಧಾರಿಗಳಿಗೆ ಈ ಡಬ್ಬಿಯ ಪರಿಚಯ ಹೇಳಬೇಕಿಲ್ಲ. ಅದಕ್ಕೆ ಹಾಕಿದ ಏಲಕ್ಕಿಯಲ್ಲಿ 14 ಕೀಟನಾಶಕಗಳು ಮಿತಿ ಮೀರಿವೆ ಎಂದು ಆಹಾರ ಸುರಕ್ಷತಾ ಪ್ರಯೋಗಾಲಯದ ವರದಿ ಹೇಳಿತು. 2023ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಮಾರಾಟ ನಿಲ್ಲಿಸಿತು, 6 ಲಕ್ಷಕ್ಕೂ ಹೆಚ್ಚು ಡಬ್ಬಿ ಗೋದಾಮು ಸೇರಿದವು. ಆಮೇಲೆ ಸುಪ್ರೀಂ ಕೋರ್ಟಿನ ಅನುಮತಿಯಿಂದ ಪಾಯಸವನ್ನೇ ಪರೀಕ್ಷಿಸಿದಾಗ ತಿನ್ನಲು ಯೋಗ್ಯವೆಂಬ ವರದಿ ಬಂತು. ಅಕ್ಕಿ, ಬೆಲ್ಲದ ರಾಶಿಯಲ್ಲಿ ಏಲಕ್ಕಿ ಇರುವುದೆಷ್ಟು? 2024ರಲ್ಲಿ ಹೈಕೋರ್ಟಿನ ಆದೇಶ ರದ್ದಾಯಿತು, ಅಷ್ಟರಲ್ಲಿ ಪಾಯಸ ಹಳಸಿತ್ತು. ನನ್ನ ದೃಷ್ಟಿಯಲ್ಲಿ ಎರಡೂ ವರದಿಗಳು ಸರಿ. ಎಡವಿದ್ದು ಯಾವುದನ್ನು ಪರೀಕ್ಷಿಸಬೇಕು ಎಂಬ ಪ್ರಶ್ನೆಯಲ್ಲಿ.

ಇನ್ನು ಯಂತ್ರದ ಒಳಗೆ ಹೋಗೋಣ. ಯಾವುದೇ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಅನ್ವಯವಾಗುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಹತ್ತು ಟನ್ನಿನ ಹತ್ತು ಲಾರಿ ತುಂಬ ದ್ರಾಕ್ಷಿ, ಅದರಲ್ಲಿ ಒಟ್ಟು ಒಂದೇ ಒಂದು ಗ್ರಾಂ ಔಷಧ, ಅಷ್ಟು. ಅದನ್ನು ಹುಡುಕಲು ಮೊದಲು ಮಾದರಿಯನ್ನು ಅರೆದು ಅಸಿಟೋನೈಟ್ರೈಲ್ ದ್ರಾವಕ ಸುರಿದು, ಉಪ್ಪು ಹಾಕಿ ಕುಲುಕಿ, ಗಿರಗಿರನೆ ತಿರುಗಿಸಿ ತಿಳಿ ತೆಗೆಯುತ್ತಾರೆ. 2003ರಲ್ಲಿ ಪ್ರಕಟವಾದ ಈ ಸರಳ ವಿಧಾನಕ್ಕೆ ಕ್ವೆಚರ್ಸ್ ಎಂದು ಹೆಸರು, ಇಂದು ಜಗತ್ತಿನ ಉಳಿಕೆ ಪ್ರಯೋಗಾಲಯಗಳಲ್ಲಿ ಬಹುಪಾಲು ಇದನ್ನೇ ನೆಚ್ಚಿವೆ. ಆ ತಿಳಿ ಸಾವಿರಾರು ವೋಲ್ಟ್ ಹಾಯಿಸಿದ ಸೂಜಿಯ ತುದಿಯಿಂದ ಮಂಜಾಗಿ ಚಿಮ್ಮುತ್ತದೆ. ಹನಿ ಆವಿಯಾಗುತ್ತ ಅಣುಗಳಿಗೆ ವಿದ್ಯುದಂಶ ಅಂಟಿಕೊಳ್ಳುತ್ತದೆ. ಈ ಎಲೆಕ್ಟ್ರೋಸ್ಪ್ರೇ ತಂತ್ರಕ್ಕಾಗಿ ಜಾನ್ ಫೆನ್ 2002ರ ನೊಬೆಲ್‌ನಲ್ಲಿ ಪಾಲು ಪಡೆದರು.

ಕ್ವಿನಾಲ್‌ಫಾಸ್ ಅಣುವಿನ ತೂಕ 298. ಒಂದು ಪ್ರೋಟಾನ್ ಹತ್ತಿಸಿಕೊಂಡರೆ 299. ನಿರ್ವಾತದಲ್ಲಿ ನಾಲ್ಕು ಲೋಹದ ಕಡ್ಡಿಗಳ ನಡುವಿನ ವಿದ್ಯುತ್ ಕ್ಷೇತ್ರ 299ರವರನ್ನು ಮಾತ್ರ ಒಳಬಿಡುತ್ತದೆ. ಮುಂದಿನ ಕೋಣೆಯಲ್ಲಿ ಅನಿಲಕ್ಕೆ ಡಿಕ್ಕಿ ಹೊಡೆಸಿ ಅವನ್ನು ಒಡೆಯುತ್ತಾರೆ. ಮೂರನೆಯ ಕೋಣೆ 163 ಮತ್ತು 147 ತೂಕದ ಚೂರುಗಳನ್ನು ಎಣಿಸುತ್ತದೆ. ಎರಡೂ ಚೂರು ಸಿಗಬೇಕು, ಅವುಗಳ ಪ್ರಮಾಣ ಶುದ್ಧ ಕ್ವಿನಾಲ್‌ಫಾಸ್‌ನದ್ದಕ್ಕೆ ಹೊಂದಬೇಕು. ಆಗಷ್ಟೇ ವರದಿಯಲ್ಲಿ ಹೆಸರು ಬರೆಯಬಹುದು.

ಇಷ್ಟು ಓದಿದರೆ ಎಲ್ಲ ಸಲೀಸು ಎನ್ನಿಸುತ್ತದೆ. ಏಲಕ್ಕಿ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದರ ಪರಿಮಳಕ್ಕೆ ಕಾರಣವಾದ ಸಿನಿಯೋಲ್, ಟರ್ಪಿನೈಲ್ ಅಸಿಟೇಟ್ ಮುಂತಾದ ತೈಲಾಂಶಗಳು ಮತ್ತು ಬಣ್ಣದ ಅಣುಗಳು ಔಷಧಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುತ್ತವೆ. ಹನಿಯ ಮೇಲ್ಮೈಯಲ್ಲಿ ಜಾಗಕ್ಕೂ ಪ್ರೋಟಾನಿಗೂ ನೂಕುನುಗ್ಗಲು. ಸೋತ ಅಣು ಯಂತ್ರಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಹೋಲಿಕೆಗೆ ಬಳಸುವ ಶುದ್ಧ ಔಷಧವನ್ನೂ ಉಳಿಕೆಯಿಲ್ಲದ ಏಲಕ್ಕಿಯ ತಿಳಿಯಲ್ಲೇ ಕಲಸಿ ಅಳೆಯಬೇಕು. ಅಂಥ ಏಲಕ್ಕಿ ಹುಡುಕುವುದೇ ಒಂದು ಉದ್ಯೋಗ.

ಪ್ರೋಟಾನಿನ ಪೈಪೋಟಿಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದಕ್ಕೆ ಒಂದು ಶಾಸ್ತ್ರವೇ ಇದೆ: ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಅಣುಗಳ, ಉಷ್ಣರಸಾಯನ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಪಾಲ್ ಕೆಬಾರ್ಲೆ ಮಾಸ್ ಸ್ಪೆಕ್ಟ್ರೋಮೀಟರಿನ ಅಯಾನು ಕೋಣೆಗೆ ವಾಡಿಕೆಗಿಂತ ಹೆಚ್ಚು ಒತ್ತಡದ ಅನಿಲ ತುಂಬಿದರು. ಅಯಾನುಗಳು ಮತ್ತೆ ಮತ್ತೆ ಡಿಕ್ಕಿಯಾಗಿ, ಪ್ರೋಟಾನ್ ಕೊಟ್ಟು ತೆಗೆದುಕೊಂಡು ಸಮತೋಲನಕ್ಕೆ ಬರುತ್ತವೆ. ಸಣ್ಣ ರಂಧ್ರದಿಂದ ಸೋರಿಸಿ ಯಾರ ಬಳಿ ಎಷ್ಟು ಉಳಿಯಿತೆಂದು ಎಣಿಸುತ್ತಾರೆ, ಉಷ್ಣತೆ ಬದಲಿಸಿ ಮತ್ತೆ ಎಣಿಸುತ್ತಾರೆ. ಆ ಎಣಿಕೆಯ ಇಳಿಜಾರಿನಿಂದ ಶಕ್ತಿಯ ಲೆಕ್ಕ ಹೊರಡುತ್ತದೆ. ಪ್ರೋಟಾನಿನ ಮೇಲೆ ನೀರಿನ ಹಿಡಿತ ಮೋಲ್‌ಗೆ ಸುಮಾರು 691 ಕಿಲೋಜೂಲ್, ಅಮೋನಿಯದ್ದು 854. ಎರಡೂ ಎದುರಾದರೆ ಪ್ರೋಟಾನ್ ಅಮೋನಿಯದ ಪಾಲು. ಸಾರಜನಕವಿರುವ ಬಹಳಷ್ಟು ಕೀಟನಾಶಕಗಳು ಈ ಯಂತ್ರಕ್ಕೆ ಚೆನ್ನಾಗಿ ಸಿಕ್ಕಿಬೀಳುವುದು ಇದರಿಂದಲೇ.

ಎಲೆಕ್ಟ್ರಾನಿನ ಕಥೆ ಇನ್ನೂ ಸ್ವಾರಸ್ಯ. ಕ್ಲೋರಿನ್ ತುಂಬಿದ ಅಣುಗಳಿಗೆ ಪ್ರೋಟಾನ್ ಬೇಡ, ಎಲೆಕ್ಟ್ರಾನ್ ಬೇಕು. ಆ ಹಸಿವನ್ನೇ ಹಿಡಿದು ಜೇಮ್ಸ್ ಲವ್‌ಲಾಕ್ 1957ರಲ್ಲಿ ಎಲೆಕ್ಟ್ರಾನ್ ಸೆರೆ ಶೋಧಕ ಕಟ್ಟಿದರು. ಡಿಡಿಟಿ ಎಲ್ಲೆಲ್ಲೂ ಹರಡಿದ್ದು ಜಗತ್ತಿಗೆ ಕಂಡದ್ದು ಈ ಪುಟ್ಟ ಸಾಧನದಿಂದ. ಯಾವ ಅಣುವಿನ ಹಸಿವು ಎಷ್ಟೆಂದು ಕೆಬಾರ್ಲೆ, ಎರಿಕ್ ಗ್ರಿಮ್ಸ್‌ರುಡ್ ಮತ್ತು ಸಂಗಡಿಗರು 1985ರಲ್ಲಿ ಎಲೆಕ್ಟ್ರಾನ್ ಕೈಬದಲಾಗುವ ಸಮತೋಲನವನ್ನು ಅಳೆದು ತೋರಿಸಿದರು.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆ, ಸ್ವರ್ಗದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಸುರಿಸಿದ ಎಂಡೋಸಲ್ಫಾನ್ ಅಣುವಿನಲ್ಲಿ 6 ಕ್ಲೋರಿನ್‌ಗಳಿವೆ. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ರೋಗಗಳ ಲೆಕ್ಕ ಇಟ್ಟರು, ಪತ್ರಕರ್ತ ಶ್ರೀಪಡ್ರೆ ಬರೆದರು. ಆದರೂ ಕಥೆ ತಿರುಗಿದ್ದು ಪ್ರಯೋಗಾಲಯದ ಅಂಕಿಗಳಿಂದ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನೀರು, ಮಣ್ಣು, ರಕ್ತದ ಮಾದರಿಗಳಲ್ಲಿ ಉಳಿಕೆ ಕಂಡಿತು. ಇನ್ನೊಂದು ಪ್ರಯೋಗಾಲಯ ಅದಕ್ಕೆ ತದ್ವಿರುದ್ಧ ಹೇಳಿತು. ಇಂಥ ಜಗಳಕ್ಕೆ ಮಾಸ್ ಸ್ಪೆಕ್ಟ್ರೋಮೀಟರಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಕ್ಲೋರಿನ್ ಪರಮಾಣುಗಳು 35 ಮತ್ತು 37ರ ತೂಕದಲ್ಲಿ ಸುಮಾರು 3:1ರಂತೆ ಸಿಗುತ್ತವೆ. 6 ಕ್ಲೋರಿನ್ ಇರುವ ಅಯಾನು ಎರಡೆರಡು ಅಂಕಿಯ ಅಂತರದಲ್ಲಿ ಒಂದು ನಿರ್ದಿಷ್ಟ ಶಿಖರಮಾಲೆಯನ್ನು ಬರೆಯುತ್ತದೆ, ಬೇರೆ ಅಣು ಅದನ್ನು ಅನುಕರಿಸುವುದು ಕಷ್ಟ. 2011ರಲ್ಲಿ ಸ್ಟಾಕ್‌ಹೋಮ್ ಒಪ್ಪಂದ ಎಂಡೋಸಲ್ಫಾನನ್ನು ನಿರ್ಮೂಲಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು, ಅದೇ ವರ್ಷದ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟ್ ನಿಷೇಧಿಸಿತು.

ಮತ್ತೆ ಕಂಬಂ ಕಣಿವೆಗೆ. ಮನೆಯಲ್ಲಿ ಇಂದಿಗೂ ಕನ್ನಡ ಆಡುವ ಒಕ್ಕಲಿಗ ಕಪ್ಪಿಲಿಯರು ನೆಲೆಸಿದ ಈ ಬಯಲಿಗೆ ಮುಲ್ಲೈಪೆರಿಯಾರಿನ ನೀರು ಬರುತ್ತದೆ, ಪನ್ನೀರ್ ದ್ರಾಕ್ಷಿ ಬೆಳೆಯುತ್ತದೆ. ನಮ್ಮ ಬೆಂಗಳೂರು ನೀಲಿಯ ಹಾಗೆ ಬೀಜದ, ಘಮದ ಹಣ್ಣು. ತಳಿಯ ಹೆಸರು ಮಸ್ಕಟ್ ಹ್ಯಾಂಬರ್ಗ್, 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ವರ್ಷವಿಡೀ ಕೊಯ್ಲು ಇದರ ಹೆಚ್ಚುಗಾರಿಕೆ. ರೋಗಕ್ಕೂ ವರ್ಷವಿಡೀ ಬಿಡುವಿಲ್ಲ.

ದ್ರಾಕ್ಷಿಯ ಪಾಠ ನಮಗೆ ನಾಸಿಕ್ ಕಡೆಯಿಂದ ಬಂದದ್ದು. 2010ರಲ್ಲಿ ಯುರೋಪು ಭಾರತದ ದ್ರಾಕ್ಷಿಯನ್ನು ತಡೆಹಿಡಿಯಿತು. ಕಾರಣ ಕ್ಲೋರ್‌ಮೆಕ್ವಾಟ್, ಬಳ್ಳಿಯ ಬೆಳವಣಿಗೆ ತಡೆದು ಗೊಂಚಲು ಹೆಚ್ಚಿಸುವ ರಾಸಾಯನಿಕ. ಅದು ಹುಟ್ಟಿನಿಂದಲೇ ಅಯಾನು, ಪ್ರೋಟಾನಿಗಾಗಿ ಕಾಯಬೇಕಿಲ್ಲ, 122ರ ತೂಕದಲ್ಲಿ ತಾನೇ ಕಾಣಿಸಿಕೊಳ್ಳುತ್ತದೆ. ಆದರೆ ನಮ್ಮ ಪರೀಕ್ಷಾ ಪಟ್ಟಿಯಲ್ಲೇ ಅದರ ಹೆಸರಿರಲಿಲ್ಲ. ಹುಡುಕದ್ದನ್ನು ಈ ಯಂತ್ರ ಹೇಳುವುದಿಲ್ಲ. ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಪಟ್ಟಿ ಹಿಗ್ಗಿಸಿತು. ಈಗ ಯುರೋಪಿಗೆ ಹೋಗುವ ಗೊಂಚಲು ತೋಟದಿಂದಲೇ ಪರೀಕ್ಷೆ ದಾಟಿ ಹಡಗು ಹತ್ತುತ್ತದೆ. ಮಧುರೆ, ಕೊಚ್ಚಿಯ ಸಂತೆಗೆ ಹೋಗುವ ಪನ್ನೀರ್ ದ್ರಾಕ್ಷಿಗೆ ಅಂಥ ಕಾವಲಿಲ್ಲ, ಆಗೊಮ್ಮೆ ಈಗೊಮ್ಮೆ ಎತ್ತಿದ ಮಾದರಿಯಷ್ಟೇ. ಏಲಕ್ಕಿಯ ಮಟ್ಟಿಗಂತೂ 2024ರ ಏಪ್ರಿಲ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ದೇಶದಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ ಸಂಬಾರ ಪದಾರ್ಥಗಳಲ್ಲಿ ಮಿತಿಯನ್ನು 0.01ರಿಂದ 0.1ಕ್ಕೆ, ಅಂದರೆ ಹತ್ತು ಪಟ್ಟು ಸಡಿಲಿಸಿತು. ಯಂತ್ರ ಸೂಕ್ಷ್ಮವಾಗುತ್ತ ಹೋದಂತೆ ಮಿತಿ ದೊರಗಾಗುವುದು ನನಗೆ ಒಪ್ಪಿಗೆಯಾಗದ ನಡೆ.

ಬೆಳೆಗಾರರಿಗೆ ಒಂದು ಮಾತು. ಸಂಬಾರ ಮಂಡಳಿಯ ಏಲಕ್ಕಿ ಸಂಶೋಧನಾ ಕೇಂದ್ರಗಳು ಇಡುಕ್ಕಿಯ ಮೈಲಾಡುಂಪಾರೆಯಲ್ಲೂ ದಿಂಡಿಗಲ್ ಜಿಲ್ಲೆಯ ತಡಿಯನ್‌ಕುಡಿಸೈಯಲ್ಲೂ ನಮ್ಮ ಸಕಲೇಶಪುರದಲ್ಲೂ ಇವೆ. ಔಷಧದ ಡಬ್ಬಿಯ ಮೇಲಿನ ಕಾಯುವ ದಿನಗಳನ್ನು ಓದಿ, ಕೊಯ್ಲಿಗೆ ಮುಂಚೆಯೇ ಹತ್ತಾರು ಗಿಡಗಳಿಂದ ಬಿಡಿಬಿಡಿಯಾಗಿ ಎತ್ತಿದ ಕಾಯಿ ಬೆರೆಸಿ, ತೊಳೆಯದೆ ಪರೀಕ್ಷೆಗೆ ಕಳಿಸಿ. ವರದಿ ಬಂದಾಗ ಮೂರು ಸಂಗತಿ ನೋಡಿ: ಯಾವ ಯಾವ ಔಷಧ ಹುಡುಕಿದರು, ಎಷ್ಟು ಕಡಿಮೆ ಪ್ರಮಾಣದವರೆಗೆ ಅಳೆಯಬಲ್ಲರು, ಗೊತ್ತಿರುವಷ್ಟು ಬೆರೆಸಿದ ಔಷಧದಲ್ಲಿ ಶೇಕಡ ಎಷ್ಟು ಮರಳಿ ಸಿಕ್ಕಿತು. ಕೊನೆಯ ಅಂಕಿ 70ರಿಂದ 120ರ ಒಳಗಿರಬೇಕು. ಈ ಮೂರೂ ಇಲ್ಲದೆ ಬರೀ ‘ಪತ್ತೆಯಾಗಿಲ್ಲ’ ಎಂದು ಬರೆದ ಕಾಗದಕ್ಕೆ ದುಡ್ಡು ಕೊಡಬೇಡಿ.