‘ಬೇಡ’ ಎಂದದ್ದಕ್ಕೆ ಗಿನಿ ತೆತ್ತ ಬೆಲೆ

1958ರ ಆಗಸ್ಟ್ 25. ಫ್ರೆಂಚ್ ವಸಾಹತಾಗಿದ್ದ ಗಿನಿಯ ಕೊನಾಕ್ರಿಗೆ ಬಂದಿಳಿದ ಫ್ರಾನ್ಸಿನ ಜನರಲ್ ಡಿ ಗಾಲ್ ಅವರನ್ನು ನೋಡಲು ರಸ್ತೆಯುದ್ದಕ್ಕೂ ಜನವೋ ಜನ. ಸಭೆಯಲ್ಲಿ ಮಾತ್ರ ಗಾಳಿ ತಿರುಗಿತು. ಅಂಚೆ ಇಲಾಖೆಯ ನೌಕರಿಯಿಂದ ಕಾರ್ಮಿಕ ನಾಯಕನಾಗಿ ಬೆಳೆದ, ಆಗಿನ್ನೂ 36ರ ಪ್ರಾಯದ ಸೆಕು ಟೂರೆ, ಗುಲಾಮರಾಗಿ ಉಣ್ಣುವುದಕ್ಕಿಂತ ಸ್ವತಂತ್ರರಾಗಿ ಬಡವರಾಗಿರುವುದೇ ಲೇಸು ಎಂಬರ್ಥದ ಮಾತನ್ನು ಅತಿಥಿಯ ಮುಖಕ್ಕೇ ಹೇಳಿಬಿಟ್ಟರು. ಸಿಟ್ಟಿನಿಂದ ಎದ್ದ ಡಿ ಗಾಲ್ ತಮ್ಮ ಸೇನಾ ಟೋಪಿಯನ್ನೇ ಅಲ್ಲಿ ಮರೆತು ಹೊರಟರಂತೆ.

ಡಿ ಗಾಲ್ ವಸಾಹತುಗಳ ಮುಂದಿಟ್ಟದ್ದು ಅರೆಬರೆ ಸ್ವಾಯತ್ತತೆ. ಸೈನ್ಯ, ವಿದೇಶಾಂಗ, ಹಣಕಾಸು ಎಲ್ಲವೂ ಪ್ಯಾರಿಸ್ಸಿನ ಹಿಡಿತದಲ್ಲೇ. ಒಲ್ಲೆ ಎಂದವರು ಆ ಕ್ಷಣವೇ ಸ್ವತಂತ್ರರು, ಆದರೆ ನೆರವಿನ ಆಸೆ ಬಿಡಬೇಕು. ಸೆಪ್ಟೆಂಬರ್ 28ರ ಜನಮತದಲ್ಲಿ ಆಫ್ರಿಕಾದ ಉಳಿದ ಫ್ರೆಂಚ್ ವಸಾಹತುಗಳೆಲ್ಲ ‘ಹೂಂ’ ಎಂದವು. ಗಿನಿಯಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿ ‘ಬೇಡ’ ಎಂದರೆ, ಬೇಕೆಂದವರು ಸುಮಾರು 57 ಸಾವಿರ. ಅಕ್ಟೋಬರ್ 2ಕ್ಕೆ ಸ್ವಾತಂತ್ರ್ಯ ಘೋಷಣೆಯಾಯಿತು.

ಆಮೇಲೆ ನಡೆದದ್ದನ್ನು ಸೇಡು ಎನ್ನದೆ ಬೇರೆ ದಾರಿಯಿಲ್ಲ. ಫ್ರೆಂಚ್ ಅಧಿಕಾರಿಗಳು, ಮೇಷ್ಟ್ರುಗಳು, ವೈದ್ಯರು ಗಂಟುಮೂಟೆ ಕಟ್ಟಿದರು. ಹೋಗುವವರು ಕಚೇರಿಯ ಟೆಲಿಫೋನ್ ಕಿತ್ತರು, ಬಲ್ಬು ಬಿಚ್ಚಿದರು, ಕಡತಗಳಿಗೆ ಬೆಂಕಿಯಿಟ್ಟರು ಎಂದು ಅಂದಿನ ವರದಿಗಳು ಹೇಳುತ್ತವೆ. ಘಾನಾದ ಎನ್‌ಕ್ರೂಮಾ ಒಂದು ಕೋಟಿ ಪೌಂಡ್ ಸಾಲ ಘೋಷಿಸಿ ಕೈಹಿಡಿದರು. 1960ರಲ್ಲಿ ಗಿನಿ ಸ್ವಂತ ನಾಣ್ಯ ತಂದಾಗ ಫ್ರಾನ್ಸಿನ ಬೇಹುಗಾರರು ಖೋಟಾ ನೋಟು ಅಚ್ಚು ಹಾಕಿಸಿ ದೇಶದೊಳಗೆ ಹರಿಬಿಟ್ಟರು. ಇದನ್ನು ಅವರಲ್ಲೇ ಒಬ್ಬ ಹಿರಿಯ ಅಧಿಕಾರಿ ಮುಂದೆ ಒಪ್ಪಿಕೊಂಡದ್ದುಂಟು.

ಹೀಗೆ ನಿಜವಾದ ಪಿತೂರಿಗಳ ನಡುವೆ ಬದುಕಿದ ಅಧ್ಯಕ್ಷ ಟೂರೆಗೆ ಕ್ರಮೇಣ ಎಲ್ಲೆಲ್ಲೂ ಪಿತೂರಿಯೇ ಕಾಣತೊಡಗಿತು. ಆದರೆ ಅವರು ವಿರೋಧಿಗಳನ್ನು ಕೂಡಿಹಾಕಿದ ಬಾಯ್ರೋ ಶಿಬಿರದ ಕತ್ತಲ ಕೋಣೆಗಳ ಲೆಕ್ಕವನ್ನು ಪ್ಯಾರಿಸ್ಸಿನ ತಲೆಗೆ ಕಟ್ಟಲಾಗದು. ಆಫ್ರಿಕನ್ ಏಕತಾ ಸಂಘಟನೆಯ ಮೊದಲ ಮಹಾಕಾರ್ಯದರ್ಶಿಯಾಗಿದ್ದ ಡಿಯಾಲೊ ಟೆಲ್ಲಿ, ಗಿನಿಯದೇ ಮಗ, 1977ರಲ್ಲಿ ಅಲ್ಲಿ ಅನ್ನನೀರಿಲ್ಲದೆ ಸತ್ತರು.

ಅದೇ ವರ್ಷದ ಆಗಸ್ಟಿನಲ್ಲಿ ಟೂರೆಯನ್ನು ಮಣಿಸಿದವರು ಸಂತೆಯ ಹೆಂಗಸರು. ಖಾಸಗಿ ವ್ಯಾಪಾರ ನಿಷೇಧಿಸಿ, ಅವರ ಬುಟ್ಟಿ ತಡಕಲು ‘ಆರ್ಥಿಕ ಪೊಲೀಸ’ರನ್ನು ಬಿಟ್ಟಿತ್ತು ಸರ್ಕಾರ. ಕೊನಾಕ್ರಿಯ ಮದೀನಾ ಮಾರುಕಟ್ಟೆಯಲ್ಲಿ ಹೊತ್ತಿದ ಜಗಳ ಅಧ್ಯಕ್ಷರ ಅರಮನೆಯವರೆಗೆ ಮೆರವಣಿಗೆಯಾಗಿ ಹೋಯಿತು. ಟೂರೆಯ ಪಕ್ಷವನ್ನು ಶುರುವಿನಿಂದ ಎತ್ತಿ ನಿಲ್ಲಿಸಿದ್ದೂ ಇಂಥ ಹೆಂಗಸರೇ. ಆ ಪೊಲೀಸ್ ಪಡೆ ರದ್ದಾಯಿತು, ಸಣ್ಣ ವ್ಯಾಪಾರಕ್ಕೆ ಮತ್ತೆ ಅನುಮತಿ ಸಿಕ್ಕಿತು.