ಚರ್ಮ ಕಸಿ: ಪಟ್ಟಿ ಬಿಚ್ಚಿದ ಮೇಲೆ ಒಂದು ವರ್ಷದ ಆರೈಕೆ

ಸ್ಟವ್ ಸಿಡಿದೋ, ಕುದಿಯುವ ಎಣ್ಣೆ ಚೆಲ್ಲಿಯೋ ಆಳವಾಗಿ ಸುಟ್ಟ ಗಾಯಕ್ಕೆ ವೈದ್ಯರು ತೊಡೆಯ ಚರ್ಮ ತೆಗೆದು ಹಚ್ಚುತ್ತಾರೆ. ಇದೇ ಚರ್ಮ ಕಸಿ. ಮರಾಠಿಯಲ್ಲಿ ತ್ವಚಾರೋಪಣ, ವೈದ್ಯರ ಬಾಯಲ್ಲಿ ಸ್ಕಿನ್ ಗ್ರಾಫ್ಟ್. ಅಕ್ಕಲಕೋಟ, ಜತ್ತ ಕಡೆಯವರು ಇದಕ್ಕಾಗಿ ಸೋಲಾಪುರ, ಮಿರಜ್, ವಿಜಯಪುರ ಎಂದು ಅಲೆಯುತ್ತಾರೆ. ಆಪರೇಷನ್ ಕೆಲವು ತಾಸಿನದು. ಮುಂದೆ ಕತ್ತು ತಿರುಗುತ್ತದೋ ಇಲ್ಲವೋ, ಕಲೆ ಎಷ್ಟು ತಿಳಿಯಾಗುತ್ತದೆ ಎಂಬುದು ಮಾತ್ರ ಬಹುಪಾಲು ಮನೆಯ ಆರೈಕೆಗೆ ಬಿಟ್ಟದ್ದು.

ಸಾಮಾನ್ಯವಾಗಿ ತೆಗೆಯುವ ಚರ್ಮ ಅರ್ಧ ಮಿಲಿಮೀಟರಿಗಿಂತ ತೆಳು. ಅದಕ್ಕೆ ಸ್ವಂತ ರಕ್ತ ಪೂರೈಕೆ ಇರುವುದಿಲ್ಲ. ಮೊದಲ ಒಂದೆರಡು ದಿನ ಗಾಯದ ಪಸೆ ಹೀರಿಯೇ ಬದುಕುತ್ತದೆ. ಆಮೇಲೆ ಕೆಳಗಿನ ಸಣ್ಣ ರಕ್ತನಾಳಗಳು ಅದಕ್ಕೆ ಕೂಡಿಕೊಂಡು, ಐದಾರು ದಿನದಲ್ಲಿ ರಕ್ತ ಹರಿಯತೊಡಗುತ್ತದೆ. ಅಷ್ಟರೊಳಗೆ ಚರ್ಮ ಜಾರಿದರೆ, ಅಡಿಯಲ್ಲಿ ರಕ್ತ ನಿಂತರೆ ಅಥವಾ ಸೋಂಕಾದರೆ ಕಸಿ ಹಿಡಿಯದು. ಆದ್ದರಿಂದ ನೋಡಲು ಬಂದ ನೆಂಟರಿಗಾಗಿ ಪಟ್ಟಿ ಸರಿಸುವುದು ಬೇಡ. ಬೀಡಿ, ತಂಬಾಕು ಪೂರ್ತಿ ನಿಲ್ಲಬೇಕು. ಅವು ರಕ್ತನಾಳವನ್ನು ಕಿರಿದುಗೊಳಿಸುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು.

ಚರ್ಮ ತೆಗೆದ ತೊಡೆ ಕಸಿಯ ಜಾಗಕ್ಕಿಂತ ಹೆಚ್ಚು ಉರಿಯುವುದುಂಟು. ಎರಡು ಮೂರು ವಾರದಲ್ಲಿ ಮಾಯುತ್ತದೆ. ಅಂಟಿದ ಪಟ್ಟಿಯನ್ನು ಎಳೆದು ಕೀಳಬಾರದು.

ನಮ್ಮ ಕಡೆ ಬೇಳೆ, ಮೊಟ್ಟೆ ನಂಜು, ತಿಂದರೆ ಕೀವಾಗುತ್ತದೆ ಎಂದು ರೋಗಿಗೆ ಬರೀ ಗಂಜಿ ಕೊಡುತ್ತಾರೆ. ಇದು ತಪ್ಪು. ಗಾಯ ಮಾಯಲು ಬೇಕಾದದ್ದೇ ಬೇಳೆ, ಶೇಂಗಾ, ಹಾಲು, ಮೊಟ್ಟೆಯಲ್ಲಿರುವ ಪ್ರೋಟೀನು.

ಗಾಯ ಒಣಗಿತು, ಮುಗಿಯಿತು ಎಂದುಕೊಂಡಾಗಲೇ ನಿಜವಾದ ತೊಂದರೆ ಶುರು. ಹಚ್ಚಿದ ಚರ್ಮ ತಿಂಗಳುಗಟ್ಟಲೆ ಕುಗ್ಗುತ್ತಲೇ ಇರುತ್ತದೆ; ತೆಳುವಾದಷ್ಟೂ ಹೆಚ್ಚು. ಹಾಯೆನಿಸುವ ಭಂಗಿಯೇ, ಅಂದರೆ ಗದ್ದ ಬಗ್ಗಿಸಿ, ಮೊಣಕೈ ಮಡಚಿ ಇರುವುದೇ, ಕೊನೆಗೆ ಖಾಯಂ ಆಗುತ್ತದೆ. ಕತ್ತಿಗೆ ಕಸಿಯಾದವರು ತಲೆದಿಂಬು ಬಿಟ್ಟು, ಭುಜದ ಕೆಳಗೆ ಮಡಚಿದ ಚಾದರ ಇಟ್ಟು ಮಲಗಬೇಕು. ವೈದ್ಯರು ಕೊಟ್ಟ ಕಾಲರು, ಸ್ಪ್ಲಿಂಟು ರಾತ್ರಿಯೂ ಇರಲಿ. ಬಿಗಿ ಉಡುಪನ್ನು ದಿನಕ್ಕೆ 23 ತಾಸು, ಆರು ತಿಂಗಳಿಂದ ವರ್ಷ, ಕೆಲವರು ಇನ್ನೂ ಹೆಚ್ಚು ಕಾಲ ತೊಡಬೇಕಾಗುತ್ತದೆ. ಸೋಲಾಪುರದ ಬೇಸಗೆಯಲ್ಲಿ ಇದು ಶಿಕ್ಷೆಯೇ ಸರಿ. ಎರಡು ಜೊತೆ ಇದ್ದರೆ ಒಂದನ್ನು ಒಗೆದು ಇನ್ನೊಂದನ್ನು ತೊಡಬಹುದು. ಸಡಿಲವಾದದ್ದನ್ನು ಬದಲಿಸಬೇಕು. ಆಸ್ಪತ್ರೆಯಿಂದ ಬಂದವಾರವೇ ಒಲೆಯ ಮುಂದೆ ಕೂಡುವ ಹೆಣ್ಣುಮಕ್ಕಳು ಇದನ್ನೆಲ್ಲ ಬಿಡುವುದು ಸೋಮಾರಿತನದಿಂದಲ್ಲ, ಮನೆಯವರು ಬಿಡುವು ಕೊಡದ್ದರಿಂದ. ಅಲ್ಲದೆ ಕಸಿಯಾದ ಜಾಗಕ್ಕೆ ಬಿಸಿ ಸರಿಯಾಗಿ ತಿಳಿಯುವುದಿಲ್ಲ. ಒಲೆಯ ಹತ್ತಿರ ಮತ್ತೆ ಸುಡುವ ಅಪಾಯವಿದೆ.

ತೆಳು ಕಸಿಯಲ್ಲಿ ಎಣ್ಣೆ ಗ್ರಂಥಿಗಳು ಇರುವುದಿಲ್ಲ. ಒಣಗಿ ಬಿರಿಯುತ್ತದೆ, ತುರಿಸುತ್ತದೆ. ಪೂರ್ತಿ ಮಾಯ್ದ ಮೇಲೆ, ವೈದ್ಯರು ಹೇಳಿದ ದಿನದಿಂದ, ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ ದಿನಕ್ಕೆ ಮೂರು ನಾಲ್ಕು ಸಲ ಬೆರಳಿನಿಂದ ಒತ್ತಿ ತಿಕ್ಕಬೇಕು. ಉಬ್ಬಿದ ಕಲೆಗೆ ಸಿಲಿಕೋನ್ ಹಾಳೆ ಉಪಯೋಗಕ್ಕೆ ಬರುತ್ತದೆ. ಬಿಸಿಲು ಬಿದ್ದರೆ ಹೊಸ ಚರ್ಮ ಕಪ್ಪಾಗುತ್ತದೆ. ಕನಿಷ್ಠ ಒಂದು ವರ್ಷ ತುಂಬು ತೋಳು, ಸೆರಗು, ಛತ್ರಿ ಬೇಕು.

ಇಷ್ಟು ಮಾಡಿದರೂ ತೊಡೆಯ ಚರ್ಮ ಮುಖದ ಬಣ್ಣಕ್ಕೆ ಬರುವುದಿಲ್ಲ. ಜಾಲರಿಯಂತೆ ಹಿಗ್ಗಿಸಿ ಹಚ್ಚಿದ್ದರೆ ಆ ಗುರುತು ಉಳಿಯಬಹುದು. ಮೊದಲ ತಿಂಗಳುಗಳಲ್ಲಿ ಕೆಂಪಾಗಿ ಉಬ್ಬಿದ ಕಲೆ ತಣಿಯಲು ಒಂದೆರಡು ವರ್ಷ ಬೇಕು. ಅದಕ್ಕೇ ಚೆಂದಕ್ಕಾಗಿ ಮಾಡುವ ಆಪರೇಷನ್ನನ್ನು ವೈದ್ಯರು ಸಾಮಾನ್ಯವಾಗಿ ಮುಂದೂಡುತ್ತಾರೆ. ಕಣ್ಣಿನ ರೆಪ್ಪೆ ಮುಚ್ಚದಿದ್ದರೆ ಮಾತ್ರ ಕಾಯುವಂತಿಲ್ಲ. ದುರ್ವಾಸನೆ, ಕೀವು, ಜ್ವರ, ಕಸಿ ಕಪ್ಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ವರ್ಷಗಳ ಹಿಂದೆ ಕುಗ್ಗಿದ ಕತ್ತು, ಕೈಗಳನ್ನೂ ಆಪರೇಷನ್ ಮಾಡಿ ಬಿಡಿಸಬಹುದು. ಆದರೆ ಅದಾದ ಮೇಲೂ ಇದೇ ಕಾಲರು, ಇದೇ ಎಣ್ಣೆ, ಇದೇ ಬಿಗಿ ಉಡುಪು.