ಪಾಲಾರಿನಿಂದ ಕ್ರಿಕೆಟ್ ಅಂಗಳಕ್ಕೆ

ತಮಿಳುನಾಡಿನ ಗಡಿಗಂಟಿದ ಪಾಲಾರಿನಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣವನ್ನು ನೋಡಹೊರಡುವ ಸಂಸಾರವಂದಿಗನಿಗೆ ಮೊದಲ ಚಿಂತೆ ಹಣದ್ದು. ಮಾದಪ್ಪನ ಬೆಟ್ಟ, ಹನೂರು, ಕೊಳ್ಳೇಗಾಲ, ಮಳವಳ್ಳಿ, ಕನಕಪುರಗಳನ್ನು ಹಾದುಹೋಗಲು ಸರ್ಕಾರಿ ಕೆಂಪು ಬಸ್ಸೇ ಅಗ್ಗ. ರಾಜ್ಯದೊಳಗಿನ ಸಾಮಾನ್ಯ ಬಸ್ಸುಗಳಲ್ಲಿ 2023ರ ಜೂನ್ ತಿಂಗಳಿನಿಂದ ಹೆಂಗಸರಿಗೆ ಪ್ರಯಾಣ ಉಚಿತವಾಗಿರುವುದರಿಂದ, ಗೃಹಿಣಿಯನ್ನು ಮನೆಯಲ್ಲಿ ಬಿಟ್ಟುಬರಲು ಯಜಮಾನರಿಗೆ ನೆಪವೂ ಉಳಿದಿಲ್ಲ! ಬುತ್ತಿಯನ್ನು ಮಾತ್ರ ದಾರಿಯಲ್ಲಿಯೇ ಮುಗಿಸಬೇಕು. ಅಂಗಳದೊಳಕ್ಕೆ ಅದಕ್ಕೆ ಪ್ರವೇಶವಿಲ್ಲ. ಮೆಜೆಸ್ಟಿಕ್ಕಿನಿಂದ ಮೆಟ್ರೋ ಹಿಡಿದು ಕಬ್ಬನ್ ಪಾರ್ಕಿನಲ್ಲಿಳಿದರೆ ಕ್ರೀಡಾಂಗಣ ಎದುರಿಗೇ.

1974ರ ನವೆಂಬರಿನಲ್ಲಿ ಇಲ್ಲಿ ನಡೆದ ಮೊದಲ ಟೆಸ್ಟಿನಲ್ಲಿಯೇ ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್ ಕ್ರಿಕೆಟ್ಟಿಗೆ ಅಡಿಯಿಟ್ಟರು. ಇದೇ ಅಂಗಳದ ಬಾಗಿಲುಗಳ ಹೊರಗೆ 2025ರ ಜೂನ್ 4ರಂದು, ವಿಜಯೋತ್ಸವದ ನೂಕುನುಗ್ಗಲಿನಲ್ಲಿ, 11 ಮಂದಿ ಪ್ರಾಣ ಕಳೆದುಕೊಂಡರು. ಮಕ್ಕಳೊಡನೆ ಹೊರಡುವವರು ಟಿಕೆಟ್ಟು ಕೈಸೇರದೆ ಊರು ಬಿಡಬಾರದು; ಪಂದ್ಯಕ್ಕೆ ಬಹಳ ಮೊದಲೇ ಒಳಸೇರಿ, ಜನ ಚದುರಿದ ಮೇಲೆಯೇ ಏಳಬೇಕು.